ಗಡಿಯಾರ ಮುಂದಿಟ್ಟರೆ ಬೆಳಗಾಗುವುದೇ?



ಮಕ್ಕಳು ಇಸ್ರೇಲಿನಲ್ಲಿ ದುಡಿಯುತ್ತಿರುವ ಮನೆಗಳಲ್ಲಿ ವರ್ಷಕ್ಕೆರಡು ಬಾರಿ ಒಂದು ಗೊಂದಲವಾಗುತ್ತದೆ. ಅಲ್ಲಿ ಮಾರ್ಚ್ ಕೊನೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಅಕ್ಟೋಬರ್ ಕೊನೆಗೆ ಮತ್ತೆ ಹಿಂದಿಡುತ್ತಾರೆ. ಬೇಸಗೆಯಲ್ಲಿ ನಮಗಿಂತ ಎರಡೂವರೆ ಗಂಟೆ ಹಿಂದಿರುವ ಆ ದೇಶ ಚಳಿಗಾಲದಲ್ಲಿ ಮೂರೂವರೆ ಗಂಟೆ ಹಿಂದಾಗುತ್ತದೆ. ಅಲ್ಲಿನ ರಾತ್ರಿ ಏಳಕ್ಕೆ ಮಗಳು ಮಾಡುವ ಫೋನು ಇಲ್ಲಿಗೆ ಒಂಬತ್ತೂವರೆಗೆ ಬರುತ್ತಿದ್ದದ್ದು ನವೆಂಬರಿನಲ್ಲಿ ಹತ್ತೂವರೆಗೆ ಬರುತ್ತದೆ. ಅಜ್ಜಿ ಊಟ ಮಾಡದೆ ಕಾಯುತ್ತಾರೆ. ಊಟದ ಜೊತೆಗಿನ ಸಕ್ಕರೆ ಕಾಯಿಲೆಯ ಮಾತ್ರೆಯೂ ಕಾಯುತ್ತದೆ. ಇದು ಬೇಡ. ಊಟ, ಮಾತ್ರೆ, ಇನ್ಸುಲಿನ್ ಇವೆಲ್ಲ ನಮ್ಮ ಮನೆಯ ಗಡಿಯಾರದಂತೆಯೇ ನಡೆಯಲಿ. ಮಾತು ಆಮೇಲೆ ಆಗಲಿ.

ಈ ಪದ್ಧತಿ ಏಕೆ ಬಂತು? ಲಂಡನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಿಮೆ, ಜೂನಿನ ಹಗಲು ಹದಿನಾರೂವರೆ ಗಂಟೆಗೂ ಹೆಚ್ಚು. ಬೇಸಗೆಯಲ್ಲಿ ಜನ ಮಲಗಿರುವಾಗಲೇ ಬೆಳಕು ಹರಿದಿರುತ್ತದೆ; ಆ ಬೆಳಕನ್ನು ಸಂಜೆಗೆ ಸರಿಸಿದರೆ ದೀಪದ ಖರ್ಚು ಉಳಿಯುವುದೆಂಬುದು ಲೆಕ್ಕ. 1916ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ, ಕಲ್ಲಿದ್ದಲು ಉಳಿಸಲು ಜರ್ಮನಿ ಇದನ್ನು ಜಾರಿಗೆ ತಂದಿತು. ರೈತರಿಗಾಗಿಯೇ ಇದನ್ನು ಮಾಡಿದರೆಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. ಅಮೆರಿಕದಲ್ಲಿ 1918ರಲ್ಲಿ ಬಂದ ಕಾನೂನನ್ನು ಮುಂದೆ ನಿಂತು ವಿರೋಧಿಸಿದವರು ರೈತರೇ, ಮರುವರ್ಷವೇ ಅದು ರದ್ದಾಯಿತು. ಇಬ್ಬನಿ ಆರದೆ ಹುಲ್ಲು ಕೊಯ್ಯಲಾಗದು, ಆದರೆ ಕೆಲಸದಾಳು ಗಡಿಯಾರ ನೋಡಿ ಬಂದು ಗಡಿಯಾರ ನೋಡಿಯೇ ಹೊರಡುತ್ತಾನೆ ಎಂಬುದು ಅವರ ದೂರು. ನಮ್ಮ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆಗೊನೆ ಒಣಗದೆ ಬೋರ್ಡೋ ದ್ರಾವಣ ಬಿಡಲಾಗುವುದೇ?

ನಮ್ಮ ಹಿರಿಯರೂ ಇದನ್ನು ಕಂಡವರೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನ ತನಕ, ಭಾರತದ ಗಡಿಯಾರವೂ ಒಂದು ಗಂಟೆ ಮುಂದಿತ್ತು. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಫೆಬ್ರವರಿಯ ಆರಂಭದಲ್ಲಿ ಇಲ್ಲಿ ಸೂರ್ಯ ಮೂಡುವಾಗ ಹತ್ತಿರ ಹತ್ತಿರ ಏಳು ಗಂಟೆ. ಯುದ್ಧದ ಆ ವರ್ಷಗಳಲ್ಲಿ ಅದು ಎಂಟಾಗಿತ್ತು!

ಅದಿಲ್ಲದೆಯೂ ನಮ್ಮ ಗಡಿಯಾರ ಮುಂದೆಯೇ ಇದೆ. 1906ರಲ್ಲಿ ಜಾರಿಗೆ ಬಂದ ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು. ನಾವಿರುವುದು 75ರ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ ಅರ್ಧ ಗಂಟೆ ವ್ಯತ್ಯಾಸ. ದೇವಾಲಯದಲ್ಲಿ ಮಧ್ಯಾಹ್ನ ಹನ್ನೆರಡರ ಗಂಟೆ ಬಾರಿಸುವಾಗ ನಮ್ಮ ನಿಜವಾದ ಮಧ್ಯಾಹ್ನ ಆಗಿರುವುದೇ ಇಲ್ಲ. ಇನ್ನು ಇಲ್ಲಿನ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಅಂತರ ಒಂದೂವರೆ ಗಂಟೆ ಮಾತ್ರ. ಸರಿಸಲು ಹೆಚ್ಚುವರಿ ಬೆಳಕು ನಮ್ಮಲ್ಲೆಲ್ಲಿದೆ?

ಈ ಲೆಕ್ಕ ಸುಮ್ಮನೆ ಹೇಳಿದ್ದಲ್ಲ. ದೇಶದ ಗಡಿಯಾರವನ್ನು ಕಾಯಂ ಆಗಿ ಅರ್ಧ ಗಂಟೆ ಮುಂದಿಟ್ಟರೆ ಸಂಜೆಯ ವಿದ್ಯುತ್ತು ಉಳಿಯುತ್ತದೆಂದು ಬೆಂಗಳೂರಿನ ವಿಜ್ಞಾನಿಗಳಾದ ದಿಲೀಪ್ ಅಹುಜಾ ಮತ್ತು ಡಿ.ಪಿ. ಸೇನ್‌ಗುಪ್ತ 2007ರಲ್ಲಿ ಸಲಹೆ ಮುಂದಿಟ್ಟರು. ಜೂನಿನಲ್ಲಿ ನಾಲ್ಕೂವರೆಗೆಲ್ಲ ಬೆಳಗಾಗುವ ಈಶಾನ್ಯದವರಿಗೆ ಅದು ನ್ಯಾಯವೇ. ಅಸ್ಸಾಮಿನ ಚಹಾ ತೋಟಗಳವರು ಬ್ರಿಟಿಷರ ಕಾಲದಿಂದಲೂ ಒಂದು ಗಂಟೆ ಮುಂದಿನ ಸಮಯವನ್ನೇ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಮಾತ್ರ ಅಭಿಪ್ರಾಯ ಒಂದೇ ಮನೆಯೊಳಗೇ ಒಡೆಯುತ್ತದೆ. ತೋಟದ ಕೆಲಸ ಮುಗಿಸಿ ನಡೆದು ಹೋಗುವ ಹೆಂಗಸರಿಗೆ ಸಂಜೆಯ ಅರ್ಧ ಗಂಟೆ ಬೆಳಕು ದೊಡ್ಡ ಉಪಕಾರ. ಬೆಳಗಾಗುವ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ಹೊರಡುವ ರಬ್ಬರ್ ಟ್ಯಾಪಿಂಗಿನವರಿಗೆ ಎರಡೂ ಒಂದೇ. ತಂಪು ಹೊತ್ತಿನಲ್ಲಿ ಹಾಲು ಚೆನ್ನಾಗಿ ಇಳಿಯುತ್ತದೆ, ಅಷ್ಟೆ. ದೂರದ ಶಾಲೆ ಕಾಲೇಜಿನ ಬಸ್ಸು ಹಿಡಿಯುವ ಮಕ್ಕಳು ಕತ್ತಲೆಯಲ್ಲೇ ಗುಡ್ಡೆ ಇಳಿಯಬೇಕಾಗುತ್ತದೆ. ಮನೆಯ ಅಮ್ಮನನ್ನು ಯಾರೂ ಕೇಳುವುದಿಲ್ಲ. ಮುಳ್ಳು ಎತ್ತ ತಿರುಗಿದರೂ ಅವರು ಎಲ್ಲರಿಗಿಂತ ಮುಂಚೆಯೇ ಎದ್ದಿರುತ್ತಾರೆ. ಸಂಜೆಯ ಬೆಳಕು ಬೇಕಾದವರು ಕೆಲಸವನ್ನು ಅರ್ಧ ಗಂಟೆ ಬೇಗ ಬಿಡಿಸಿಕೊಳ್ಳಲಿ, ಊರಿನ ಗಡಿಯಾರವನ್ನು ಮುಟ್ಟುವುದು ಬೇಡ ಎಂಬುದೇ ನಮ್ಮ ಮತ.

ದೇಹಕ್ಕೂ ತನ್ನದೇ ಗಡಿಯಾರವಿದೆ, ಬೆಳಗಿನ ಬೆಳಕೇ ಅದಕ್ಕೆ ಕೀಲಿ ಕೊಡುವುದು. ಗಡಿಯಾರ ಮುಂದಿಟ್ಟ ಮೊದಲ ವಾರದಲ್ಲಿ ಹೃದಯಾಘಾತಗಳು ಸ್ವಲ್ಪ ಹೆಚ್ಚುತ್ತವೆಂದು ಸ್ವೀಡನ್ನಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ್ದಾರೆ. ನಿದ್ದೆಗೆಟ್ಟದ್ದೇ ಕಾರಣವಿರಬಹುದೆಂದು ಅವರ ಊಹೆ. ರಾತ್ರಿ ತಡವಾಗಿ ಮಲಗಿ ನಸುಕಿನಲ್ಲೇ ಟ್ಯಾಪಿಂಗಿಗೆ ಏಳುವವರು ಗಡಿಯಾರ ಮುಟ್ಟದೆಯೇ ಆ ಕಷ್ಟವನ್ನು ತಂದುಕೊಳ್ಳುತ್ತಾರೆ. ಅಂಥವರು ಮಧ್ಯಾಹ್ನ ಸ್ವಲ್ಪ ಮಲಗುವುದು ಸೋಮಾರಿತನವಲ್ಲ.

ಹಸುವಿನ ವಿಷಯವೂ ಇಷ್ಟೇ. ಹಾಲಿನ ಸೊಸೈಟಿಯ ಸಮಯ ಬದಲಾದಾಗ ಒಂದೇ ದಿನಕ್ಕೆ ಒಂದು ಗಂಟೆ ತಡಮಾಡಿ ಕರೆಯಬೇಡಿ. ಕೆಚ್ಚಲು ಬಿಗಿದು ಹಾಲು ತೊಟ್ಟಿಕ್ಕತೊಡಗಿದರೆ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ದಿನಕ್ಕೆ ಹತ್ತು ಹದಿನೈದು ನಿಮಿಷದಂತೆ ಸರಿಸುತ್ತಾ ಬಂದರೆ ಒಂದು ವಾರದೊಳಗೆ ಹಟ್ಟಿ ಹೊಸ ಹೊತ್ತಿಗೆ ಒಗ್ಗಿಕೊಳ್ಳುತ್ತದೆ. ಹಿಂಡಿ, ಹುಲ್ಲು ಕೊಡುವ ಹೊತ್ತನ್ನೂ ಅದರ ಜೊತೆಗೇ ಸರಿಸಿರಿ.