ಮಾತ್ರೆ ಪಟ್ಟಿಯ ಹಿಂದಿನ ಸಣ್ಣ ಅಕ್ಷರ: ವಿಟಮಿನ್ ಕೆ ಪಾಠಕ್ಕೆ ಒಂದು ಪೂರಕ



ಒಂಬತ್ತನೇ ತರಗತಿಯಲ್ಲಿ ವಿಟಮಿನ್‌ಗಳ ಪಟ್ಟಿ ಬರೆಸುವಾಗ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ‘ವಿಟಮಿನ್ ಕೆ, ಹಸಿರು ಸೊಪ್ಪು, ಕೊರತೆಯಾದರೆ ರಕ್ತ ಹೆಪ್ಪುಗಟ್ಟುವುದು ತಡ’ ಅಂತ ಬರೆಸಿದೆವು, ಮುಗಿಯಿತು. ನಾನೂ ಇಷ್ಟು ವರ್ಷ ಹಾಗೇ ಮಾಡಿದವಳೇ. ಈ ವರ್ಷ ಆ ಒಂದು ಸಾಲಿಗೆ ಎರಡು ಪೂರ್ತಿ ಪೀರಿಯಡ್ ಕೊಟ್ಟೆ. ಅದಕ್ಕೆ ಕಾರಣ ನಮ್ಮ ದೊಡ್ಡಮ್ಮ.

ನನ್ನ ಕೆಲಸ ತಾಳವಾಡಿ ಕಡೆ, ತವರು ಮನೆ ಕಿಣತ್ತುಕಡವು. ಕೊಯಮತ್ತೂರಿನಿಂದ ಪೊಳ್ಳಾಚಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಬೀದಿಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ. ದೊಡ್ಡಮ್ಮನಿಗೆ ಚಿಕ್ಕಂದಿನಲ್ಲಿ ಗಂಟಲು ನೋವಿನ ಹಿಂದೆಯೇ ಬಂದ ಕೀಲು ಜ್ವರ ಹೃದಯದ ಕವಾಟವನ್ನು ಕೆಡಿಸಿತ್ತು. ನಲವತ್ತು ದಾಟಿದ ಮೇಲೆ ಆಪರೇಷನ್ ಮಾಡಿ ಕೃತಕ ಕವಾಟ ಹಾಕಿದರು. ಇಂಥ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು, ಗಟ್ಟಿದರೆ ಕವಾಟ ಸಿಕ್ಕಿಹಾಕಿಕೊಳ್ಳಬಹುದು, ಚೂರು ಹೊರಟು ಮಿದುಳಿಗೆ ಹೋಗಬಹುದು. ಹಾಗಾಗಿ ದಿನಾ ಸಂಜೆ ಅಸೆನೊಕೌಮರಾಲ್ ಮಾತ್ರೆ, ಬದುಕಿರುವಷ್ಟು ದಿನವೂ. ತಿಂಗಳಿಗೊಮ್ಮೆ ಐಎನ್‌ಆರ್ ಅನ್ನುವ ರಕ್ತ ಪರೀಕ್ಷೆ. ನಮ್ಮ ನಿಮ್ಮಂಥವರಿಗೆ ಅದು ಸುಮಾರು 1 ಇರುತ್ತದೆ. ದೊಡ್ಡಮ್ಮನಿಗೆ 2.5ರಿಂದ 3.5ರ ನಡುವೆ ಇರಬೇಕೆಂದು ಡಾಕ್ಟರ್ ಬರೆದುಕೊಟ್ಟಿದ್ದಾರೆ.

ಕಾಲು ವರ್ಷದ ಪರೀಕ್ಷೆ ರಜೆಗೆ ನಾನು ಹೋದಾಗ ಅದು 1.7ಕ್ಕೆ ಇಳಿದಿತ್ತು. ಮಾತ್ರೆ ತಪ್ಪಿಸಿರಲಿಲ್ಲ. “ಹೊಸದಾಗಿ ಏನಾದರೂ ಸೇರಿಸಿಕೊಂಡಿದ್ದೀರಾ?” ಅಂತ ಡಾಕ್ಟರ್ ಕೇಳಿದರು. “ಏನೂ ಇಲ್ಲ ಸಾರ್, ಬರೀ ಕ್ಯಾಲ್ಸಿಯಂ” ಅಂದರು ದೊಡ್ಡಮ್ಮ. ಮಂಡಿ ನೋವಿಗೆ ಅಂತ ಪಕ್ಕದ ಮನೆಯವರು ಹೇಳಿ, ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ತಂದದ್ದು. ಮನೆಗೆ ಬಂದು ಆ ಪಟ್ಟಿಯನ್ನು ಬೆಳಕಿಗೆ ಹಿಡಿದು ಓದಿದೆ. ಮುಂದೆ ದಪ್ಪ ಅಕ್ಷರದಲ್ಲಿ ಕ್ಯಾಲ್ಸಿಯಂ. ಹಿಂದೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ವಿಟಮಿನ್ ಡಿ3, ಅದರ ಕೆಳಗೆ ‘ವಿಟಮಿನ್ ಕೆ2-7, 45 ಮೈಕ್ರೋಗ್ರಾಂ’. ನಾನು ಬಿ.ಎಸ್ಸಿ., ಬಿ.ಎಡ್. ಮಾಡಿ, ವರ್ಷವರ್ಷವೂ ಆ ಸಾಲನ್ನು ಬೋರ್ಡಿನ ಮೇಲೆ ಬರೆದವಳು. ದೊಡ್ಡಮ್ಮ ಸಂಜೆ ನುಂಗುವ ಮಾತ್ರೆ ವಿಟಮಿನ್ ಕೆಗೆ ಎದುರಾಳಿ ಎಂಬುದು ನನಗೂ ಆಗಲೇ ಹೊಳೆದದ್ದು.

ಎದುರಾಳಿ ಹೇಗೆ? ಇದನ್ನು ಮಕ್ಕಳಿಗೆ ಕಥೆಯಾಗಿಯೇ ಹೇಳಬಹುದು. ಡೆನ್ಮಾರ್ಕಿನ ಹೆನ್ರಿಕ್ ಡಾಮ್ 1929ರ ಸುಮಾರಿಗೆ ಕೋಳಿಮರಿಗಳಿಗೆ ಕೊಬ್ಬು ತೆಗೆದ ಆಹಾರ ಕೊಟ್ಟು ನೋಡುತ್ತಿದ್ದ. ಮರಿಗಳ ಚರ್ಮದಡಿಯಲ್ಲಿ ರಕ್ತ ಸೋರಿತು. ಗೊತ್ತಿದ್ದ ಯಾವ ವಿಟಮಿನ್‌ನಿಂದಲೂ ಅದು ನಿಲ್ಲಲಿಲ್ಲ. ಹೊಸದೊಂದು ಇದೆ ಎಂದು 1935ರಲ್ಲಿ ಅದಕ್ಕೆ ಕೆ ಎಂದು ಹೆಸರಿಟ್ಟ. ಡ್ಯಾನಿಷ್ ಭಾಷೆಯಲ್ಲಿ ಹೆಪ್ಪುಗಟ್ಟುವಿಕೆಯ ಪದ ಕೆ ಅಕ್ಷರದಿಂದಲೇ ಶುರುವಾಗುತ್ತದೆ. 1943ರ ನೊಬೆಲ್ ಅವನಿಗೂ ಅಮೆರಿಕದ ಎಡ್ವರ್ಡ್ ಡಾಯ್ಸಿಗೂ ಬಂತು.

ಅದೇ ಹೊತ್ತಿಗೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಇದರ ತಿರುಗುಮುರುಗು ಕಥೆ ನಡೆಯುತ್ತಿತ್ತು. ಕೆಟ್ಟುಹೋದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. 1933ರಲ್ಲಿ ಒಬ್ಬ ರೈತ ಹಿಮಗಾಳಿಯಲ್ಲೇ ಸತ್ತ ಹಸುವನ್ನೂ, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತವನ್ನೂ ಗಾಡಿಗೆ ಹಾಕಿಕೊಂಡು ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಬಾಗಿಲಿಗೆ ಬಂದ. ಲಿಂಕ್ ತಂಡ ಆ ಮೇವಿನಿಂದ ಡೈಕೌಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಿತು. ಅದರ ತಮ್ಮನೇ ವಾರ್ಫರಿನ್. 1948ರಲ್ಲಿ ಇಲಿ ಪಾಷಾಣ, 1954ರಲ್ಲಿ ಮನುಷ್ಯರಿಗೆ ಔಷಧಿ! ದೊಡ್ಡಮ್ಮನ ಅಸೆನೊಕೌಮರಾಲ್ ಕೂಡ ಇದೇ ಮನೆತನದ್ದು. ಹಾಲಿನ ಕ್ಯಾನ್ ಕಥೆ ಹೇಳುವಾಗ ನಮ್ಮ ಕ್ಲಾಸಿನಲ್ಲಿ ಕೊನೆ ಬೆಂಚೂ ಸದ್ದಿಲ್ಲದೆ ಕೂತಿತ್ತು.

ಈಗ ಒಳಗಿನ ಕೆಲಸ. ಕೆಲವು ಪ್ರೋಟೀನ್‌ಗಳಲ್ಲಿರುವ ಗ್ಲುಟಾಮಿಕ್ ಆಮ್ಲದ ಘಟಕಗಳಿಗೆ ವಿಟಮಿನ್ ಕೆ ಸಹಾಯದಿಂದ ಇನ್ನೊಂದು ಕಾರ್ಬಾಕ್ಸಿಲ್ ಗುಂಪು ಸೇರುತ್ತದೆ. ಒಂದು ಬೆರಳಿದ್ದ ಕೈಗೆ ಎರಡನೇ ಬೆರಳು ಬಂದ ಹಾಗೆ. ಈಗ ಆ ಪ್ರೋಟೀನ್ ಕ್ಯಾಲ್ಸಿಯಂ ಅಯಾನನ್ನು ಹಿಡಿಯಬಲ್ಲದು. ರಕ್ತ ಹೆಪ್ಪುಗಟ್ಟಿಸುವ 2, 7, 9, 10ನೇ ಅಂಶಗಳಿಗೆ ಈ ಹಿಡಿತ ಬೇಕೇ ಬೇಕು. ಒಮ್ಮೆ ಬಳಕೆಯಾದ ವಿಟಮಿನ್ ಕೆಯನ್ನು ದೇಹ ಮತ್ತೆ ಸರಿಮಾಡಿ ಬಳಸಿಕೊಳ್ಳುತ್ತದೆ. ವಾರ್ಫರಿನ್ ಬಳಗದ ಔಷಧಿಗಳು ಆ ಮರುಬಳಕೆಗೆ ಅಡ್ಡ ನಿಲ್ಲುತ್ತವೆ. ಅಂಥವರಿಗೆ ಹೊರಗಿನಿಂದ ಹೊಸ ವಿಟಮಿನ್ ಕೆ ಕೊಟ್ಟರೆ ಔಷಧಿಯ ಕೆಲಸ ಅಷ್ಟು ಕುಗ್ಗುತ್ತದೆ. ಸೊಪ್ಪಿನ ಕೆ1 ಕೆಲವೇ ಗಂಟೆಗಳಲ್ಲಿ ರಕ್ತದಿಂದ ಇಳಿಯುತ್ತದೆ, ಕೆ2-7ರ ಅರ್ಧಾಯು ಮಾತ್ರ ಸುಮಾರು ಮೂರು ದಿನ. ದಿನಾ ನುಂಗಿದರೆ ಜಮೆಯಾಗುತ್ತಾ ಹೋಗುತ್ತದೆ. ಅಸೆನೊಕೌಮರಾಲ್ ತೆಗೆದುಕೊಂಡ ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ಕೆ2-7 ಕೂಡ ಕೆಲವರ ಐಎನ್‌ಆರ್ ಅನ್ನು ಅಲುಗಾಡಿಸಿತು. ದೊಡ್ಡಮ್ಮನ ಪಟ್ಟಿಯಲ್ಲಿದ್ದದ್ದು 45.

ಹಾಗಾದರೆ ಅದನ್ನು ಕ್ಯಾಲ್ಸಿಯಂ ಜೊತೆ ಸೇರಿಸುವುದೇಕೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಮೂಳೆಯಲ್ಲಿರುವ ಆಸ್ಟಿಯೋಕ್ಯಾಲ್ಸಿನ್, ರಕ್ತನಾಳದ ಗೋಡೆಯಲ್ಲಿರುವ ಎಂಜಿಪಿ ಎಂಬ ಪ್ರೋಟೀನ್‌ಗಳಿಗೂ ಅದೇ ಎರಡನೇ ಬೆರಳು ಬೇಕು. ಎಂಜಿಪಿ ಇಲ್ಲದಂತೆ ಮಾಡಿದ ಇಲಿಗಳ ರಕ್ತನಾಳಗಳಲ್ಲಿ ಸುಣ್ಣ ಕಟ್ಟಿ ಅವು ಎರಡು ತಿಂಗಳೊಳಗೆ ಸತ್ತವು ಎಂದು 1997ರಲ್ಲಿ ಪ್ರಕಟವಾಯಿತು. ‘ಕ್ಯಾಲ್ಸಿಯಂ ಅನ್ನು ನಾಳದಿಂದ ತಪ್ಪಿಸಿ ಮೂಳೆಗೆ ಕಳಿಸುವ ವಿಟಮಿನ್’ ಎಂಬ ಜಾಹೀರಾತು ಹುಟ್ಟಿದ್ದು ಇಲ್ಲಿಂದ. ವಿಚಾರ ಚೆನ್ನಾಗಿಯೇ ಇದೆ. ಆದರೆ ಒಂದು ಪ್ರೋಟೀನ್‌ಗೆ ಒಂದು ವಸ್ತು ಬೇಕು ಎನ್ನುವುದು ಒಂದು ಮಾತು, ಆ ವಸ್ತುವನ್ನು ಮಾತ್ರೆ ಮಾಡಿ ಹೆಚ್ಚಿಗೆ ನುಂಗಿದರೆ ಮೂಳೆ ಮುರಿಯುವುದಿಲ್ಲ ಎನ್ನುವುದು ಬೇರೆ ಮಾತು. ಎರಡನೆಯದನ್ನು ಜನರ ಮೇಲೆ ಪರೀಕ್ಷಿಸಿಯೇ ತಿಳಿಯಬೇಕು.

ಪರೀಕ್ಷಿಸಿದ್ದಾರೆ. ನೆದರ್ಲೆಂಡ್ಸಿನ ರೋಟರ್‌ಡ್ಯಾಮ್‌ನಲ್ಲಿ 4,807 ಜನರ ಊಟವನ್ನು ಲೆಕ್ಕಹಾಕಿ, ಕೆ2 ಹೆಚ್ಚು ತಿಂದವರಲ್ಲಿ ಹೃದ್ರೋಗದ ಸಾವು ಕಡಿಮೆ ಎಂದು 2004ರಲ್ಲಿ ಬರೆದರು. ಆದರೆ ಇದು ಬರೀ ಗಮನಿಸಿದ್ದು. ಅವರಿಗೆ ಕೆ2 ಬಂದದ್ದು ಮುಖ್ಯವಾಗಿ ಚೀಸ್‌ನಿಂದ. ಚೀಸ್ ತಿನ್ನುವವರ ಬದುಕಿನಲ್ಲಿ ಬೇರೆ ಏನೇನೋ ವ್ಯತ್ಯಾಸ ಇರಬಹುದಲ್ಲ? ಡೆನ್ಮಾರ್ಕಿನಲ್ಲಿ ಕವಾಟಕ್ಕೆ ಸುಣ್ಣ ಕಟ್ಟಿದ್ದ 365 ಗಂಡಸರಿಗೆ ಚೀಟಿ ಎತ್ತಿದಂತೆ ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 720 ಮೈಕ್ರೋಗ್ರಾಂ ಕೆ2-7 ಮತ್ತು ವಿಟಮಿನ್ ಡಿ, ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟರು. ಎರಡು ವರ್ಷದ ನಂತರ ಸುಣ್ಣ ಏರಿದ ವೇಗದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಫಲಿತಾಂಶ 2022ರಲ್ಲಿ ಬಂತು. ಮೂಳೆಯ ವಿಷಯದಲ್ಲಿ ಜಪಾನ್ 1995ರಿಂದಲೇ ಕೆ2ರ ಇನ್ನೊಂದು ರೂಪವನ್ನು ದಿನಕ್ಕೆ 45 ಮಿಲಿಗ್ರಾಂನಂತೆ ಔಷಧಿಯಾಗಿ ಕೊಡುತ್ತಿದೆ. ಅಲ್ಲಿನ ಹಳೆಯ ಪ್ರಯೋಗಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆ ಮೂಳೆ ಮುರಿತ ತುಂಬಾ ಕಡಿಮೆಯಾಗುತ್ತದೆ ಎಂದಿತ್ತು. ಆಮೇಲೆ ಅದರಲ್ಲಿ ಸೇರಿದ್ದ ಒಬ್ಬ ಸಂಶೋಧಕನ ಪ್ರಯೋಗಗಳು ನಂಬಲರ್ಹವಲ್ಲವೆಂದು ಹಿಂತೆಗೆಯಲ್ಪಟ್ಟವು. ಜಪಾನಿನಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಅಂದರೆ ಈ ಮಾತ್ರೆಯ ಪರವಾಗಿ ಇನ್ನೂ ಗಟ್ಟಿ ಸಾಕ್ಷಿ ಇಲ್ಲ. ಮಂಡಿ ಸವೆತದ ನೋವಿಗಂತೂ ಅದು ಮದ್ದಲ್ಲ.

ಇಲ್ಲಿ ಒಂದು ಲೆಕ್ಕ ಮಾಡಿಸಿ. 45 ಮಿಲಿಗ್ರಾಂ ಎಂದರೆ 45,000 ಮೈಕ್ರೋಗ್ರಾಂ. ಪಟ್ಟಿಯ 45 ಮೈಕ್ರೋಗ್ರಾಂಗಿಂತ ಸಾವಿರ ಪಟ್ಟು. ‘ಜಪಾನಿನಲ್ಲಿ ಮೂಳೆಗೆ ಕೊಡುತ್ತಾರೆ’ ಎಂಬ ಮಾತನ್ನು ನಮ್ಮ ಅಂಗಡಿ ಮಾತ್ರೆಗೆ ಅಂಟಿಸುವವರು ಈ ಮೂರು ಸೊನ್ನೆಗಳನ್ನು ಬಿಟ್ಟುಬಿಡುತ್ತಾರೆ.

ಇನ್ನು ಸೊಪ್ಪು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೆಂಗಸರಿಗೆ 55, ಗಂಡಸರಿಗೆ 65 ಮೈಕ್ರೋಗ್ರಾಂ ವಿಟಮಿನ್ ಕೆ ಎನ್ನುತ್ತದೆ. ನೂರು ಗ್ರಾಂ ಹಸಿ ಪಾಲಕ್‌ನಲ್ಲೇ 480ರಷ್ಟಿದೆ. ಬಸ್ಸಾರು, ಮಸ್ಸೊಪ್ಪು ಉಣ್ಣುವ ಮನೆಯಲ್ಲಿ ಕೊರತೆಯ ಭಯ ಬೇಡ. ಬೇಯಿಸಿದರೆ ಹೆಚ್ಚು ಹಾಳಾಗುವುದಿಲ್ಲ, ಒಗ್ಗರಣೆಯ ಎಣ್ಣೆ, ತೆಂಗಿನತುರಿ ಇದ್ದರೆ ಇನ್ನೂ ಚೆನ್ನಾಗಿ ಹೀರಿಕೆಯಾಗುತ್ತದೆ. ಹಸಿರಿಗೂ ಇದಕ್ಕೂ ಸಂಬಂಧ ಇದೆ: ಕೆ1 ದ್ಯುತಿಸಂಶ್ಲೇಷಣೆಯಲ್ಲಿ ಎಲೆಗೇ ಬೇಕಾದ ವಸ್ತು. ಅದಕ್ಕೇ ಎಲೆಕೋಸಿನ ಹೊರಗಿನ ಹಸಿರೆಲೆಯಲ್ಲಿ ಒಳಗಿನ ಬಿಳಿ ಎಲೆಗಿಂತ ಹೆಚ್ಚು. ನಿಜವಾಗಿ ಕೊರತೆ ಇರುವುದು ಆಗತಾನೇ ಹುಟ್ಟಿದ ಮಗುವಿಗೆ. ತಾಯಿಯ ಹಾಲಿನಲ್ಲೂ ಇದು ಕಡಿಮೆ. ಹೆರಿಗೆ ಆಸ್ಪತ್ರೆಯಲ್ಲಿ ಮಗುವಿನ ತೊಡೆಗೆ ಕೊಡುವ 1 ಮಿಲಿಗ್ರಾಂ ಇಂಜೆಕ್ಷನ್ ಇದೇ ವಿಟಮಿನ್, ಅದನ್ನು ಬೇಡ ಅನ್ನಬಾರದು ಎಂದು ಮಕ್ಕಳ ಮೂಲಕ ಮನೆಗೆ ತಲುಪಿಸಿ.

ದೊಡ್ಡಮ್ಮನ ವಿಷಯಕ್ಕೆ ಬಂದರೆ, ಡಾಕ್ಟರ್ ಆ ಮಾತ್ರೆ ನಿಲ್ಲಿಸಿ, ಬರೀ ಕ್ಯಾಲ್ಸಿಯಂ ಮತ್ತು ಡಿ ಇರುವುದನ್ನು ಬರೆದುಕೊಟ್ಟರು. ಎರಡು ವಾರಕ್ಕೆ ಐಎನ್‌ಆರ್ 2.6ಕ್ಕೆ ಬಂತು. ಅಷ್ಟರಲ್ಲಿ ಮನೆಯವರು ಹೆದರಿ ನುಗ್ಗೆಸೊಪ್ಪನ್ನೇ ಬಿಡಿಸಿದ್ದರು. ಅದಕ್ಕೂ ಡಾಕ್ಟರ್ ಬೈದರು. ಬಿಡುವುದು ಬೇಡ, ಒಂದು ವಾರ ರಾಶಿ, ಇನ್ನೊಂದು ವಾರ ಇಲ್ಲವೇ ಇಲ್ಲ ಎಂಬಂತೆ ಆಗಬಾರದು, ಅಷ್ಟೇ. ಈಗ ಮಂಗಳವಾರ, ಶುಕ್ರವಾರ ಒಂದೊಂದು ಬಟ್ಟಲು ಅಂತ ಲೆಕ್ಕ ಇಟ್ಟಿದ್ದಾರೆ.

ನೀವು ಕ್ಲಾಸಿನಲ್ಲಿ ಮಾಡಿಸಬಹುದಾದದ್ದು: ಮನೆಯ ಖಾಲಿ ಮಾತ್ರೆ ಪಟ್ಟಿಗಳನ್ನು ತರಿಸಿ (ಖಾಲಿಯಾದವನ್ನು ಮಾತ್ರ), ಭೂತಗನ್ನಡಿ ಕೊಟ್ಟು ಹಿಂದಿನ ಅಕ್ಷರ ಓದಿಸಿ, ಎಷ್ಟು ಮಿಲಿಗ್ರಾಂ, ಎಷ್ಟು ಮೈಕ್ರೋಗ್ರಾಂ ಎಂದು ನೋಟ್‌ಬುಕ್ಕಿನಲ್ಲಿ ಬರೆಸಿ. ನಮ್ಮಲ್ಲಿ ಇಪ್ಪತ್ತಮೂರು ಪಟ್ಟಿ ಬಂದವು, ನಾಲ್ಕರಲ್ಲಿ ಕೆ2-7 ಇತ್ತು. ಒಬ್ಬ ಹುಡುಗಿ ಕೈ ಎತ್ತಿ, “ಟೀಚರ್, ನಮ್ಮ ಅಜ್ಜಿ ಹೃದಯಕ್ಕೂ ಒಂದು ಮಾತ್ರೆ ತಗೋತಾರೆ, ಅದರ ಹೆಸರು ನೋಡ್ಕೊಂಡು ಬರ್ಲಾ?” ಅಂದಳು. ಮರುದಿನ ಹೆಸರು ಬರೆದುಕೊಂಡು ಬಂದಳು. ಅದು ಬಿಪಿ ಮಾತ್ರೆ, ರಕ್ತ ತೆಳುವಾಗಿಸುವುದಲ್ಲ. ಆದರೂ ಎರಡು ಪಟ್ಟಿಯನ್ನೂ ಡಾಕ್ಟರಿಗೆ ತೋರಿಸಲು ಹೇಳಿ ಕಳಿಸಿದೆ.