ವಕಾಲತ್ತಿಗೆ ಸಹಿ ಹಾಕಿದ ಮಾತ್ರಕ್ಕೆ ಕೇಸು ಕೈಬಿಟ್ಟಂತಲ್ಲ

ಆಸ್ತಿಯ ಪಾಲು, ಕ್ರಯದ ಕರಾರು, ಬಾಡಿಗೆ ತಗಾದೆ, ಕೈಸಾಲದ ವಸೂಲಿ ಇಂಥ ಯಾವುದಾದರೂ ವಿಚಾರಕ್ಕೆ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿ ಬಂದಾಗ ಜನ ಮೊದಲು ಕೇಳುವುದು ‘ಒಳ್ಳೆ ವಕೀಲರು ಯಾರಿದ್ದಾರೆ’ ಎಂದು. ಜಾಹೀರಾತು ನೋಡಿ ಇದಕ್ಕೆ ಉತ್ತರ ಕಂಡುಕೊಳ್ಳುವ ಹಾಗಿಲ್ಲ. ವಕೀಲರು ಪ್ರಚಾರ ಮಾಡಿ ಕೇಸು ಹಿಡಿಯುವುದನ್ನು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ನಿಷೇಧಿಸಿದೆ. 2008ರ ತಿದ್ದುಪಡಿ ಬಿಟ್ಟುಕೊಟ್ಟಿರುವುದು ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ವಿದ್ಯಾರ್ಹತೆ, ನೋಂದಣಿ, ಕೆಲಸದ ಕ್ಷೇತ್ರ ಮುಂತಾದ ವಿವರಗಳಿಗೆ ಮಾತ್ರ. ಹೀಗಾಗಿ ‘ಮೂವತ್ತು ವರ್ಷದ ಸರ್ವೀಸು’ ಎಂಬ ಬಾಯಿಮಾತೇ ಅಳತೆಗೋಲಾಗುತ್ತದೆ. ಅನುಭವ ಬೇಕು, ನಿಜ. ಆದರೆ ಕಕ್ಷಿದಾರನನ್ನು ಕೊನೆಗೆ ಕಾಯುವುದು ವಕೀಲರ ಅನುಭವವೊಂದೇ ಅಲ್ಲ, ಕೇಸಿನ ಮೇಲೆ ಅವನು ಬಿಡದೆ ಇಟ್ಟುಕೊಂಡ ಹಿಡಿತ. ನಮ್ಮ ಕಾನೂನು ಕೂಡ ಆ ಹಿಡಿತ ಇದೆಯೆಂದು ನಂಬಿಯೇ ನಡೆಯುತ್ತದೆ.

ಇಬ್ಬರು ಮೂವರು ಅನುಭವಿ ವಕೀಲರಿರುವ ಸಣ್ಣ ಆಫೀಸು ಸಿವಿಲ್ ಕೇಸಿಗೆ ಒಗ್ಗುವುದಕ್ಕೆ ಕಾರಣವಿದೆ. ಸಿವಿಲ್ ದಾವೆಯ ಹಣೆಬರಹ ಬಹುಪಾಲು ವಾದಪತ್ರದಲ್ಲೇ ನಿರ್ಧಾರವಾಗುತ್ತದೆ. ಅದರಲ್ಲಿ ಹೇಳದ ಸಂಗತಿಗೆ ಮುಂದೆ ಎಷ್ಟು ಸಾಕ್ಷ್ಯ ತಂದರೂ ಸಾಮಾನ್ಯವಾಗಿ ಬೆಲೆಯಿಲ್ಲ. ವಿಚಾರಣೆ ಶುರುವಾದ ಮೇಲೆ ತಿದ್ದುಪಡಿ ಬೇಕೆಂದರೆ, ತಕ್ಕ ಎಚ್ಚರ ವಹಿಸಿದ್ದರೂ ಆ ಅಂಶವನ್ನು ಮೊದಲೇ ಎತ್ತಲು ಆಗುತ್ತಿರಲಿಲ್ಲ ಎಂದು ಕೋರ್ಟಿಗೆ ಮನವರಿಕೆ ಮಾಡಿಕೊಡಬೇಕು. ಆದ್ದರಿಂದ ವಾದಪತ್ರ ಬರೆದವರೇ ಪಾಟೀಸವಾಲನ್ನೂ ಮಾಡಿದರೆ ಎಳೆ ತಪ್ಪುವುದಿಲ್ಲ. ಸಣ್ಣ ಆಫೀಸಿನಲ್ಲಿ ಇದು ಸಾಧ್ಯ. ಆದರೆ ಒಂದೇ ಹೊತ್ತಿಗೆ ಎರಡು ಕೋರ್ಟ್ ಹಾಲ್‌ಗಳಲ್ಲಿ ಕೇಸು ಕೂಗಿದರೆ ಅಲ್ಲಿ ಕೈ ಸಾಲುವುದಿಲ್ಲ, ಜೂನಿಯರ್ ಹೋಗಿ ವಾಯಿದೆ ಕೇಳುವಂತಾಗುತ್ತದೆ. ಹಾಗಾಗಿ ವಾದಪತ್ರ ಯಾರು ಬರೆಯುತ್ತಾರೆ, ಪಾಟೀಸವಾಲು ಯಾರು ಮಾಡುತ್ತಾರೆ, ವಕಾಲತ್ತಿನಲ್ಲಿ ಯಾರ‍್ಯಾರ ಹೆಸರಿದೆ ಎಂದು ಕೇಳುವುದು ಆಫೀಸಿನ ಬೋರ್ಡು ನೋಡುವುದಕ್ಕಿಂತ ಉಪಯುಕ್ತ.

ಈ ಹಿಡಿತ ಕಾನೂನಿನಲ್ಲಿ ಎಷ್ಟು ಮುಖ್ಯವೆಂಬುದು 2024ರ ಮೇ ತಿಂಗಳ ಒಂದು ತೀರ್ಪಿನಿಂದ ತಿಳಿಯುತ್ತದೆ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ವಕೀಲರು ಕೆಲಸ ಮಾಡುವುದು ಕಕ್ಷಿದಾರರ ನೇರ ನಿಯಂತ್ರಣದಲ್ಲಿ, ಆದ್ದರಿಂದ ಅದು ವೈಯಕ್ತಿಕ ಸೇವೆಯ ಕರಾರು ಎಂಬುದು ಕೋರ್ಟು ಕೊಟ್ಟ ಮುಖ್ಯ ಕಾರಣಗಳಲ್ಲೊಂದು. ಗ್ರಾಹಕ ಆಯೋಗದ ಬಾಗಿಲು ಮುಚ್ಚಿದ್ದಕ್ಕೆ ನಿಮ್ಮ ನಿಯಂತ್ರಣವೇ ಕಾರಣ ಎಂದಾದರೆ, ಆ ನಿಯಂತ್ರಣವನ್ನು ಚಲಾಯಿಸದೆ ಕೂರುವವನಿಗೆ ಉಳಿಯುವುದು ಕಡಿಮೆ. 2015ರಲ್ಲಿ ಹಿಮಾಲಯನ್ ಕೋಆಪರೇಟಿವ್ ಗ್ರೂಪ್ ಹೌಸಿಂಗ್ ಸೊಸೈಟಿ ಪ್ರಕರಣದಲ್ಲೂ ಅದೇ ಕೋರ್ಟು, ಕಕ್ಷಿದಾರರ ಹಕ್ಕಿಗೆ ಧಕ್ಕೆ ತರುವ ಒಪ್ಪಿಗೆಯನ್ನು ಅವರ ಸ್ಪಷ್ಟ ಸೂಚನೆಯಿಲ್ಲದೆ ವಕೀಲರು ಕೊಡುವಂತಿಲ್ಲ ಎಂದಿತ್ತು. ಆದರೆ ವಕಾಲತ್ತಿನ ಅಚ್ಚು ನಮೂನೆಗಳಲ್ಲಿ ರಾಜಿ ಮಾಡುವ, ಹಣ ಪಡೆಯುವ, ದಾವೆ ಹಿಂತೆಗೆಯುವ ಅಧಿಕಾರವನ್ನು ಒಟ್ಟಾಗಿ ಬರೆದಿರುವುದುಂಟು. ಓದದೆ ಸಹಿ ಹಾಕಿದವರು ಆ ಸೂಚನೆಯನ್ನು ಮುಂಗಡವಾಗಿ ಕೊಟ್ಟಂತಾಗುತ್ತದೆ. ಬೇಡವೆನಿಸಿದ ಸಾಲನ್ನು ಸಹಿಗೆ ಮುಂಚೆ ಹೊಡೆದುಹಾಕಿಸಬಹುದು.

ಇದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದೇ: ಕಾನೂನು ಗೊತ್ತಿಲ್ಲದ ರೈತನೋ ಅಂಗಡಿಯವನೋ ನುರಿತ ವಕೀಲರ ಮೇಲೆ ಹಿಡಿತ ಇಡುವುದು ಹೇಗೆ? ಕಾನೂನಿನ ವಾದ ವಕೀಲರದೇ ಕೆಲಸ. ಕಕ್ಷಿದಾರ ನೋಡಬೇಕಾದದ್ದು ತಾರೀಖು ಮತ್ತು ಕಾಗದ. ಸಮನ್ಸ್ ತಲುಪಿದ 30 ದಿನದೊಳಗೆ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸಬೇಕು. ಕೋರ್ಟು ಕಾರಣ ದಾಖಲಿಸಿ 90 ದಿನದವರೆಗೆ ಕಾಲ ಕೊಡಬಹುದು. ಏಕಪಕ್ಷೀಯ ಡಿಕ್ರಿ ರದ್ದುಪಡಿಸಲು, ಗೈರುಹಾಜರಿಯಿಂದ ವಜಾ ಆದ ದಾವೆಗೆ ಮತ್ತೆ ಜೀವ ಕೊಡಲು ಇರುವುದು 30 ದಿನ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಒತ್ತಿದರೆ ಕಳೆದ ವಾಯಿದೆಯಲ್ಲಿ ಏನಾಯಿತು, ಮುಂದಿನದು ಯಾವಾಗ ಎಂಬುದು ಮೊಬೈಲಿನಲ್ಲೇ ಸಿಗುತ್ತದೆ. ಅನುಮಾನ ಬಂದರೆ ಆರ್ಡರ್ ಶೀಟಿನ ದೃಢೀಕೃತ ನಕಲಿಗೆ ಅರ್ಜಿ ಹಾಕಬಹುದು. ಇದಕ್ಕೆ ಕಾನೂನು ಪದವಿ ಬೇಕಿಲ್ಲ. ‘ವಕೀಲರ ತಪ್ಪಿಗೆ ಕಕ್ಷಿದಾರ ದಂಡ ತೆರಬಾರದು’ ಎಂದು ಸುಪ್ರೀಂ ಕೋರ್ಟ್ 1981ರಲ್ಲಿ ಹೇಳಿದ್ದನ್ನು ನೆಚ್ಚಿ ಸುಮ್ಮನಿರುವವರೂ ಇದ್ದಾರೆ. ಆ ಮಾತು ಎಲ್ಲ ಕೇಸಿಗೂ ತಾನಾಗಿ ಅನ್ವಯಿಸುವುದಿಲ್ಲ. ವರ್ಷಗಟ್ಟಲೆ ವಿಚಾರಿಸದೆ ಇದ್ದವನು ತಡ ಮನ್ನಿಸಿ ಎಂದರೆ, ‘ನೀವೇನು ಮಾಡುತ್ತಿದ್ದಿರಿ’ ಎಂದು ಕೋರ್ಟು ಕೇಳಿಯೇ ಕೇಳುತ್ತದೆ.

ಪ್ರಶ್ನೆ ಕೇಳಿದರೆ ವಕೀಲರು ಮುನಿಸಿಕೊಂಡಾರು, ಕಾಗದ ಅವರ ಕೈಯಲ್ಲಿದೆ, ಬದಲಾಯಿಸುವುದು ಹೇಗೆ ಎಂಬುದು ಎರಡನೆಯ ಆಕ್ಷೇಪ. ಫೀಸು ಬಾಕಿ ಇದೆಯೆಂದು ಕಕ್ಷಿದಾರರ ಕಡತವನ್ನು ಒತ್ತೆ ಹಿಡಿಯುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ತೀರ್ಮಾನಿಸಿದೆ. ಬಾಕಿಗೆ ಅವರು ಬೇರೆ ದಾರಿ ಹಿಡಿಯಬೇಕು. ಹೊಸ ವಕೀಲರು ಹಳಬರ ಒಪ್ಪಿಗೆ ಪಡೆಯುವುದು ರೂಢಿ ಮತ್ತು ನಿಯಮ, ಒಪ್ಪಿಗೆ ಸಿಗದಿದ್ದರೆ ಕೋರ್ಟಿನ ಅನುಮತಿ ಕೇಳಬಹುದು. ಗೆದ್ದರೆ ಜಮೀನಿನಲ್ಲಿ ಇಂತಿಷ್ಟು ಪಾಲು ಎಂಬ ಫೀಸಿನ ಒಪ್ಪಂದ ಪರಿಷತ್ತಿನ 20ನೇ ನಿಯಮಕ್ಕೆ ವಿರುದ್ಧ. ದುರ್ನಡತೆ ಕಂಡರೆ ವಕೀಲರ ಕಾಯ್ದೆ, 1961ರ 35ನೇ ಕಲಮಿನಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಅಲಕ್ಷ್ಯದಿಂದ ನಷ್ಟವಾದರೆ ಪರಿಹಾರಕ್ಕೆ ಸಿವಿಲ್ ದಾವೆ ಹೂಡಬಹುದು. ಆದರೆ ಕೇಸು ಸೋತದ್ದೇ ದುರ್ನಡತೆಯಲ್ಲ. ದಾಖಲೆ ಮುಚ್ಚಿಟ್ಟ ಕಕ್ಷಿದಾರನಿಗೆ ಎಂಥ ಹಿರಿಯ ವಕೀಲರೂ ನೆರವಾಗಲಾರರು.

ಫೀಸು ಕೊಡುವ ಶಕ್ತಿಯಿಲ್ಲದವರಿಗೂ ಈ ಹಕ್ಕುಗಳು ಇದ್ದೇ ಇವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೇಳಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಬಹುದು, 15100ಕ್ಕೆ ಕರೆ ಮಾಡಬಹುದು. ವಕೀಲರು ಉಚಿತವಾಗಿ ಸಿಕ್ಕಿರಲಿ, ಫೀಸಿಗೆ ಸಿಕ್ಕಿರಲಿ, ಹಿಡಿತದ ನಿಜವಾದ ಪರೀಕ್ಷೆ ನಡೆಯುವುದು ರಾಜಿಯ ಹೊತ್ತಿನಲ್ಲಿ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕೋರ್ಟ್ ಫೀ ವಾಪಸು ಬರುತ್ತದೆ, ಅಲೆದಾಟ ತಪ್ಪುತ್ತದೆ. ಆದರೆ ಅಲ್ಲಿನ ಐತೀರ್ಪಿನ ಮೇಲೆ ಅಪೀಲಿಲ್ಲ. ಯಾವ ಸರ್ವೆ ನಂಬರು, ಎಷ್ಟು ಗುಂಟೆ, ಎಷ್ಟು ಹಣ, ಯಾವ ದಿನದೊಳಗೆ ಎಂಬುದನ್ನು ಓದಿಸಿ ಕೇಳಿ, ಒಪ್ಪಿಗೆಯಾದರೆ ಮಾತ್ರ ಸಹಿ ಹಾಕಿ. ಆ ಕಾಗದದಲ್ಲಿ ಬರೆದದ್ದಕ್ಕೆ ಮುಂದೆ ಬದ್ಧರಾಗಿರಬೇಕಾದವರು ವಕೀಲರಲ್ಲ, ನೀವು.