ಇಂಗ್ಲಿಷ್ ಪಾಠ: ನಮ್ಮ ಸೀಮೆಯ ಸಂಗತಿಗಳೂ ಪಟ್ಟಣದಲ್ಲಿ ದಾರಿ ಕೇಳುವ ಬಗೆಯೂ



ಇಂಗ್ಲಿಷ್ ಕಲಿಯಬೇಕೆಂಬ ಆಶೆಯು ನಮ್ಮ ಹಳ್ಳಿಯ ಸಭೆಗಳಲ್ಲಿ ಅನೇಕರಿಗುಂಟು. ಆದರೆ ಅದಕ್ಕೆ ದೊಡ್ಡ ದೊಡ್ಡ ಪುಸ್ತಕಗಳೂ ಬಹಳ ವರುಷಗಳೂ ಬೇಕೆಂದು ನೆನಸಿ, ಎತ್ತಿಕೊಂಡ ಪುಸ್ತಕವನ್ನು ನಾಲ್ಕೇ ದಿನಗಳಲ್ಲಿ ಕೆಳಗಿಡುವವರೂ ಅನೇಕರು. ಆದಕಾರಣ ಈ ಪಾಠವನ್ನು ನಾವು ಪುಸ್ತಕದಿಂದ ಆರಂಭಿಸದೆ, ಕೆಂಕೆರೆಯ ತೆಂಗಿನ ತೋಟದಿಂದ ಆರಂಭಿಸುತ್ತೇವೆ. ಅದಕ್ಕೆ ಮುಂಚೆ ಈ ಪಾಠವು ಯಾಕೆ ಅವಶ್ಯವಾಯಿತೆಂಬದನ್ನು ತಿಳಿಸಬೇಕು.

ನಮ್ಮ ಕಡೆಯ ಹಿರಿಯರೊಬ್ಬರು ತಮ್ಮ ಮೊಮ್ಮಗಳ ಕಣ್ಣು ತೋರಿಸುವದಕ್ಕಾಗಿ ಅವಳನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದರು. ಬಾಗಿಲಲ್ಲಿದ್ದ ಕಾವಲುಗಾರನು ಬೇರೆ ಪ್ರಾಂತದವನು, ಕನ್ನಡವನ್ನರಿಯನು. ಅವನು “ಟೇಕ್ ದಿ ಲಿಫ್ಟ್, ಸೆಕೆಂಡ್ ಫ್ಲೋರ್” ಅಂದನು. ಲಿಫ್ಟ್ ಎಂದರೆ ಜನರನ್ನು ಮಹಡಿಗೆ ಏರಿಸುವ ಯಂತ್ರ. ಹಿರಿಯರ ಕಿವಿಗೆ ಅದು “ಲೆಫ್ಟ್” ಎಂದು ಬಿದ್ದಿತು. ಅವರು ಎಡಕ್ಕೆ ತಿರುಗಿ, ಉದ್ದವಾದ ಓಣಿಯನ್ನು ಎರಡು ಸಾರಿ ಸುತ್ತಿ, ಮತ್ತೊಮ್ಮೆ ಕೇಳಲು ನಾಚಿಕೊಂಡು, ಒಂದು ಬೆಂಚಿನ ಮೇಲೆ ಕುಳಿತುಬಿಟ್ಟರು. ಕೊನೆಗೆ ಒಬ್ಬ ಹೆಂಗಸು ಕನಿಕರಪಟ್ಟು ದಾರಿ ತೋರಿಸುವಷ್ಟರಲ್ಲಿ ಚೀಟಿ ಕೊಡುವ ಕಿಟಕಿಯು ಮುಚ್ಚಿತ್ತು. ಆ ರಾತ್ರಿಯನ್ನು ಅಜ್ಜನೂ ಮೊಮ್ಮಗಳೂ ರೈಲು ನಿಲ್ದಾಣದಲ್ಲಿ ಕಳೆಯಬೇಕಾಯಿತು. ಊರಿಗೆ ಬಂದ ಮೇಲೆ ಅವರು ನಮ್ಮ ಸಂಗಡ, “ಅಯ್ಯನವರೇ, ನನಗೆ ಇಂಗ್ಲಿಷ್ ಬರದೇ ಇದ್ದದ್ದು ತಪ್ಪಲ್ಲ, ಇನ್ನೊಂದು ಸಲ ಕೇಳದೇ ಇದ್ದದ್ದು ತಪ್ಪು” ಅಂದರು. ಆ ಮಾತೇ ಈ ಪಾಠದ ಸಾರಾಂಶವು.

ಒಂದನೆಯ ಭಾಗ: ನಾವು ಮೊದಲೇ ಬಲ್ಲ ಮಾತುಗಳು

ಇಂಗ್ಲಿಷಿನ ಒಂದು ಮಾತೂ ನಮಗೆ ಬಾರದೆಂದು ಯಾರೂ ಹೇಳಕೂಡದು. ತಿಪಟೂರಿನ ಮಾರುಕಟ್ಟೆಗೆ ನಾವು ಕೊಂಡುಹೋಗುವ ಕೊಬ್ಬರಿಗೆ ಇಂಗ್ಲಿಷರು “ಕೊಪ್ರಾ” ಅನ್ನುತ್ತಾರೆ. ಇದು ಅವರ ಸ್ವಂತ ಮಾತಲ್ಲ. ಮಲೆಯಾಳದಿಂದ ಪೋರ್ಚುಗೀಸರ ಬಾಯಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಸೇರಿದ ಮಾತು, ನಮ್ಮ ಕೊಬ್ಬರಿಯ ಒಡಹುಟ್ಟಿದ್ದು. ಅಡಿಕೆಗೆ ಅವರು ಅನ್ನುವ “ಅರೆಕಾ” ಎಂಬದೂ ಹೀಗೆಯೇ ನಮ್ಮ ದೇಶದಿಂದ ಹೋದದ್ದು. ತೆಂಗಿನ ನಾರಿಗೆ ಅವರಿಟ್ಟ ಹೆಸರೂ ಮಲೆಯಾಳದ ಕಯರು ಎಂಬ ಮಾತಿನಿಂದ ಹುಟ್ಟಿತು. ಹೀಗಿರಲಾಗಿ, ನಮ್ಮ ತೋಟದ ಮಾತುಗಳೇ ದೇಶಾಂತರ ಹೋಗಿ ತಿರಿಗಿ ಬಂದಿರುವಾಗ, ಅವುಗಳನ್ನು ಕಂಡು ನಾವು ಅಂಜುವದೇಕೆ?

ಎರಡನೆಯ ಭಾಗ: ಸೀಮೆಯ ಸಂಗತಿಗಳು

ಈ ಕೆಳಗಣ ವಾಕ್ಯಗಳನ್ನು ಗಟ್ಟಿಯಾಗಿ ಓದಿರಿ. ಇವುಗಳ ಸಂಗತಿಯು ನಿಮಗೆ ಮೊದಲೇ ತಿಳಿದಿರುವದರಿಂದ ಮಾತನ್ನು ಮಾತ್ರ ಕಲಿತರೆ ಸಾಕು.

1. ಅವರ್ ವಿಲೇಜ್ ಈಸ್ ಕೆಂಕೆರೆ. — ನಮ್ಮ ಊರು ಕೆಂಕೆರೆ.
2. ಇಟ್ ಈಸ್ ನಿಯರ್ ಹುಳಿಯಾರು. — ಅದು ಹುಳಿಯಾರಿನ ಹತ್ತಿರ ಇದೆ.
3. ಕೋಕೊನಟ್ಸ್ ಗ್ರೋ ಇನ್ ಅವರ್ ಗಾರ್ಡನ್ಸ್. — ನಮ್ಮ ತೋಟಗಳಲ್ಲಿ ತೆಂಗು ಬೆಳೆಯುತ್ತದೆ.
4. ವೀ ಕೀಪ್ ದಿ ನಟ್ಸ್ ಫಾರ್ ಟೆನ್ ಮಂತ್ಸ್. — ಕಾಯಿಗಳನ್ನು ಹತ್ತು ತಿಂಗಳು ಇಡುತ್ತೇವೆ.
5. ವೀ ಸೆಲ್ ಕೊಪ್ರಾ ಇನ್ ತಿಪಟೂರು. — ತಿಪಟೂರಿನಲ್ಲಿ ಕೊಬ್ಬರಿ ಮಾರುತ್ತೇವೆ.
6. ದಿ ಟ್ರೇನ್ ಗೋಸ್ ಫ್ರಂ ತಿಪಟೂರು ಟು ಬೆಂಗಳೂರು. — ರೈಲು ತಿಪಟೂರಿನಿಂದ ಬೆಂಗಳೂರಿಗೆ ಹೋಗುತ್ತದೆ.
7. ಬೆಂಗಳೂರು ಈಸ್ ದಿ ಕ್ಯಾಪಿಟಲ್ ಆಫ್ ಕರ್ನಾಟಕ. — ಬೆಂಗಳೂರು ಕರ್ನಾಟಕದ ರಾಜಧಾನಿ.
8. ಕರ್ನಾಟಕ ಹ್ಯಾಸ್ ಥರ್ಟಿ-ಒನ್ ಡಿಸ್ಟ್ರಿಕ್ಟ್ಸ್. — ಕರ್ನಾಟಕದಲ್ಲಿ ಮೂವತ್ತೊಂದು ಜಿಲ್ಲೆಗಳಿವೆ.

ಕಡೆಯ ವಾಕ್ಯದ ವಿಷಯದಲ್ಲಿ ಮಕ್ಕಳು ಪ್ರಶ್ನೆ ಕೇಳುವದುಂಟು. ಕನ್ನಡ ಸೀಮೆಗಳು 1956ನೆಯ ನವೆಂಬರ್ 1ರಂದು ಒಂದೇ ರಾಜ್ಯವಾಗಿ ಕೂಡಿದವು. ಆಗ ಅದರ ಹೆಸರು ಮೈಸೂರು. 1973ನೆಯ ನವೆಂಬರ್ 1ರಂದು ಅದಕ್ಕೆ ಕರ್ನಾಟಕವೆಂಬ ಹೆಸರಾಯಿತು. ವಿಜಯನಗರವೆಂಬ ಮೂವತ್ತೊಂದನೆಯ ಜಿಲ್ಲೆಯು 2021ರಲ್ಲಿ ಉಂಟಾಯಿತು.

ಈಗ ಒಂದು ಸೂತ್ರವನ್ನು ಗಮನಿಸಿರಿ. “ತಿಪಟೂರಿನಿಂದ”, “ಬೆಂಗಳೂರಿಗೆ”, “ತೋಟಗಳಲ್ಲಿ” ಎನ್ನುವಾಗ ನಾವು ಇಂದ, ಗೆ, ಅಲ್ಲಿ ಎಂಬವುಗಳನ್ನು ಹೆಸರಿನ ಹಿಂದೆ ಅಂಟಿಸುತ್ತೇವೆ. ಇಂಗ್ಲಿಷರಾದರೋ ಫ್ರಂ, ಟು, ಇನ್ ಎಂಬವುಗಳನ್ನು ಹೆಸರಿಗಿಂತ ಮೊದಲು ಇಡುತ್ತಾರೆ. ಇದಲ್ಲದೆ, ನಮ್ಮ ವಾಕ್ಯದಲ್ಲಿ ಕ್ರಿಯಾಪದವು ಎಲ್ಲರ ಕೊನೆಗೆ ಬರುತ್ತದೆ; ಅವರ ವಾಕ್ಯದಲ್ಲಿ ಅದು ಕರ್ತೃವಿನ ಬೆನ್ನಿಗೇ ನಡೆಯುತ್ತದೆ. ಇವೆರಡು ಸಂಗತಿಗಳನ್ನು ತಿಳಿದುಕೊಂಡವನು ಸಣ್ಣ ವಾಕ್ಯಗಳನ್ನು ತಾನೇ ಕಟ್ಟಬಲ್ಲನು. ಹುಳಿಯಾರಿನ ಬದಲಾಗಿ ಚಿಕ್ಕನಾಯಕನಹಳ್ಳಿಯನ್ನೂ ಕೊಬ್ಬರಿಯ ಬದಲಾಗಿ ರಾಗಿಯನ್ನೂ ಇಟ್ಟು ನೋಡಿರಿ.

ಮೂರನೆಯ ಭಾಗ: ದಾರಿ ಕೇಳುವದು

ಬೆಂಗಳೂರಿನಲ್ಲಿಯಾದರೂ ಮೊದಲು ಕನ್ನಡದಲ್ಲಿಯೇ ಕೇಳಿರಿ; ಬಹಳ ಮಂದಿ ಉತ್ತರ ಕೊಡುವರು. ಕನ್ನಡವನ್ನರಿಯದವರು ಎದುರಾದರೆ ಈ ಐದು ಮಾತುಗಳು ಸಾಕು.

1. ಎಕ್ಸ್‌ಕ್ಯೂಸ್ ಮೀ. — ತುಸು ಕೇಳಿಸಿಕೊಳ್ಳಿರಿ ಎಂದು ವಿನಯದಿಂದ ಕರೆಯುವ ಮಾತು. ಗಂಡಸರಿಗೆ “ಸರ್” ಎಂದೂ ಹೆಂಗಸರಿಗೆ “ಮೇಡಂ” ಎಂದೂ ಕೂಡಿಸಬೇಕು.
2. ವೇರ್ ಈಸ್ ದಿ ಬಸ್ ಸ್ಟ್ಯಾಂಡ್? — ಬಸ್ ನಿಲ್ದಾಣ ಎಲ್ಲಿದೆ?
3. ವಿಚ್ ಬಸ್ ಗೋಸ್ ಟು ದಿ ಹಾಸ್ಪಿಟಲ್? — ಆಸ್ಪತ್ರೆಗೆ ಯಾವ ಬಸ್ಸು ಹೋಗುತ್ತದೆ?
4. ಪ್ಲೀಸ್ ಸೇ ಇಟ್ ಅಗೇನ್, ಸ್ಲೋಲಿ. — ದಯಮಾಡಿ ಇನ್ನೊಮ್ಮೆ ನಿಧಾನವಾಗಿ ಹೇಳಿರಿ.
5. ಥ್ಯಾಂಕ್ ಯು. — ಉಪಕಾರವಾಯಿತು.

ಕೇಳುವದು ಅರ್ಧ ಕೆಲಸ; ಉತ್ತರವನ್ನು ತಿಳುಕೊಳ್ಳುವದು ಮಿಕ್ಕ ಅರ್ಧ. ಉತ್ತರದಲ್ಲಿ ಹಳ್ಳಿಯವರು ಎಡವುವ ಸ್ಥಳಗಳು ನಾಲ್ಕು.

ಮೊದಲನೆಯದು ದಿಕ್ಕು. ನಾವು ಊರಲ್ಲಿ “ಕೆರೆಯಿಂದ ಮೂಡಲಿಗೆ ಹೋಗು, ಗುಡಿಯಿಂದ ಬಡಗಲಿಗೆ ತಿರುಗು” ಅನ್ನುತ್ತೇವೆ. ಪಟ್ಟಣದವರು “ಲೆಫ್ಟ್”, “ರೈಟ್”, “ಸ್ಟ್ರೈಟ್” — ಎಡಕ್ಕೆ, ಬಲಕ್ಕೆ, ನೇರವಾಗಿ — ಅನ್ನುತ್ತಾರೆ. ಮೂಡಲು ಎಲ್ಲಿ ನಿಂತರೂ ಮೂಡಲೇ. ಎಡವಾದರೋ ನಾವು ತಿರುಗಿದ ಹಾಗೆಲ್ಲಾ ತಿರುಗುತ್ತದೆ. ಆದದರಿಂದ ದಾರಿ ಹೇಳುವವನು ಯಾವ ಕಡೆಗೆ ಮುಖಮಾಡಿ ನಿಂತಿದ್ದಾನೋ ಆ ಕಡೆಗೇ ನಾವೂ ಮುಖಮಾಡಿ ನಿಲ್ಲತಕ್ಕದ್ದು.

ಎರಡನೆಯದು “ಲೆಫ್ಟ್” ಮತ್ತು “ಲಿಫ್ಟ್”. ಇವುಗಳ ಭೇದವನ್ನು ಮೇಲಣ ವೃತ್ತಾಂತದಲ್ಲಿ ಕಂಡೆವಷ್ಟೆ. “ಟರ್ನ್” ಎಂಬ ಮಾತು ಕೂಡಿದ್ದರೆ ಎಡಕ್ಕೆ ತಿರುಗು ಎಂದೂ, “ಫ್ಲೋರ್” ಎಂಬ ಮಾತು ಕೂಡಿದ್ದರೆ ಮೇಲೆ ಏರಬೇಕೆಂದೂ ಸಾಮಾನ್ಯವಾಗಿ ತಿಳಿಯಬಹುದು.

ಮೂರನೆಯದು ಮಹಡಿಯ ಲೆಕ್ಕ. ನೆಲದ ಮೇಲಣ ಭಾಗಕ್ಕೆ “ಗ್ರೌಂಡ್ ಫ್ಲೋರ್” ಎಂದು ಹೆಸರು. ಅದರ ಮೇಲಿರುವದೇ “ಫಸ್ಟ್ ಫ್ಲೋರ್”. ನೆಲವನ್ನೇ ಒಂದೆಂದು ಎಣಿಸಿದರೆ ಬೇರೆ ಬಾಗಿಲನ್ನು ತಟ್ಟಿದಂತಾಗುವದು.

ನಾಲ್ಕನೆಯದು “ಕ್ರಾಸ್” ಎಂಬ ಮಾತು. ನಮ್ಮ ಕಡೆ ಹೆದ್ದಾರಿಯಿಂದ ಊರಿಗೆ ದಾರಿ ಒಡೆಯುವ ಸ್ಥಳವೇ ಕ್ರಾಸ್. ಬೆಂಗಳೂರಿನ ವಿಳಾಸಗಳಲ್ಲಿ ಅದು ಅಡ್ಡರಸ್ತೆ, “ಮೈನ್” ಎಂಬದು ಮುಖ್ಯರಸ್ತೆ, ಅವುಗಳಿಗೆ ಅಂಕೆಗಳಿರುತ್ತವೆ. “ಥರ್ಡ್ ಕ್ರಾಸ್, ಫಿಫ್ತ್ ಮೈನ್” ಎಂದರೆ ಐದನೆಯ ಮುಖ್ಯರಸ್ತೆಗೆ ಮೂರನೆಯ ಅಡ್ಡರಸ್ತೆಯು ಕೂಡುವ ಸ್ಥಳವನ್ನು ಹುಡುಕಬೇಕು.

ಇವೆಲ್ಲಕ್ಕೂ ಒಂದೇ ಔಷಧವಿದೆ: ಕೇಳಿದ ಉತ್ತರವನ್ನು ನಮ್ಮ ಬಾಯಿಂದ ತಿರಿಗಿ ಹೇಳುವದು. ಹೇಗಂದರೆ:

“ಎಕ್ಸ್‌ಕ್ಯೂಸ್ ಮೀ, ಸರ್. ವೇರ್ ಈಸ್ ದಿ ಬಸ್ ಸ್ಟ್ಯಾಂಡ್?”
“ಇಟ್ ಈಸ್ ಆಪೋಸಿಟ್ ದಿ ಸ್ಟೇಷನ್.”
“ಆಪೋಸಿಟ್ ದಿ ಸ್ಟೇಷನ್?”
“ಯೆಸ್.”
“ಥ್ಯಾಂಕ್ ಯು, ಸರ್.”

ಆಪೋಸಿಟ್ ಎಂದರೆ ಎದುರಿಗೆ. ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೇ ಕೆಂಪೇಗೌಡ ಬಸ್ ನಿಲ್ದಾಣವಿದೆ. ಜನರು ಆ ಸ್ಥಳವನ್ನು ಮೆಜೆಸ್ಟಿಕ್ ಅನ್ನುತ್ತಾರೆ. ಉತ್ತರವನ್ನು ತಿರಿಗಿ ಹೇಳಿದಾಗ ತಪ್ಪಿದ್ದರೆ ಎದುರಿಗಿದ್ದವನೇ ತಿದ್ದುತ್ತಾನೆ. ಆ ಹಿರಿಯರು “ಲೆಫ್ಟ್?” ಎಂದು ಒಂದು ಸಾರಿ ಕೇಳಿದ್ದರೆ, ಕಾವಲುಗಾರನು ಕೈ ಮೇಲಕ್ಕೆತ್ತಿ ತೋರಿಸುತ್ತಿದ್ದನು.

ನಾಲ್ಕನೆಯ ಭಾಗ: ನಾಚಿಕೆಯ ವಿಷಯ

ತಪ್ಪು ಮಾತಾಡಿದರೆ ನಗುವರೆಂಬ ಭಯವು ಅನೇಕರ ಬಾಯಿ ಕಟ್ಟಿದೆ. ಅಂಥವರು ತಿಪಟೂರಿನಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಗುಬ್ಬಿ ಬಂದಾಗ ಒಂದು ಸಂಗತಿಯನ್ನು ನೆನಸಿಕೊಳ್ಳಲಿ. 19ನೆಯ ಶತಮಾನದಲ್ಲಿ ಆ ಗುಬ್ಬಿಯಲ್ಲಿ ನೆಲಸಿ ಕೆಲಸಮಾಡಿದ ತಾಮಸ್ ಹಾಡ್ಸನ್ ಎಂಬ ಇಂಗ್ಲಿಷ್ ಬೋಧಕರು ಕನ್ನಡವನ್ನು ಕಲಿತು, 1859ರಲ್ಲಿ ತಮ್ಮ ದೇಶದವರಿಗಾಗಿ ಕನ್ನಡ ವ್ಯಾಕರಣವೊಂದನ್ನು ಅಚ್ಚುಹಾಕಿಸಿದರು. ಜರ್ಮನಿಯಲ್ಲಿ ಹುಟ್ಟಿದ ಕಿಟ್ಟೆಲ್ ಪಂಡಿತರು 1853ರಲ್ಲಿ ಈ ದೇಶಕ್ಕೆ ಬಂದರು; ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಆ ನಡುವಣ ನಾಲ್ವತ್ತೊಂದು ವರುಷಗಳಲ್ಲಿ ಅವರು ಎಷ್ಟು ಸಾರಿ “ಇದಕ್ಕೆ ಏನನ್ನುತ್ತೀರಿ?” ಎಂದು ಕೇಳಿರಬೇಕು! ಅವರು ಕೇಳಲು ನಾಚಲಿಲ್ಲ. ಕೇಳಿದ್ದರಿಂದಲೇ ಅವರ ಗ್ರಂಥವು ಇಂದಿಗೂ ಕನ್ನಡಿಗರಿಗೆ ಪ್ರಯೋಜನವಾಗಿದೆ.

ನಮ್ಮ ಸೀಮೆಯಲ್ಲಿಯೇ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, 1884ರಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪಂಡಿತರಾಗಿ ಮಹಾರಾಜಾ ಕಾಲೇಜಿನಲ್ಲಿ ಬೋಧಿಸಿ, ಇಂಗ್ಲಿಷ್ ಪದ್ಯಗಳನ್ನು ಕನ್ನಡಕ್ಕೆ ತಂದರು. ಇಂಗ್ಲಿಷ್ ಕಲಿತದ್ದರಿಂದ ಅವರ ಕನ್ನಡವು ಕಡಿಮೆಯಾಗಲಿಲ್ಲ.

ಅಭ್ಯಾಸ

ಬಲಿತ ತೆಂಗಿನಕಾಯಿಯನ್ನು ಅಟ್ಟದ ಮೇಲಿಟ್ಟು, ಒಳಗಣ ನೀರು ಇಂಗಿ ಕೊಬ್ಬರಿಯು ಚಿಪ್ಪನ್ನು ಬಿಡುವ ತನಕ ಕಾಯುತ್ತೇವಲ್ಲವೇ? ಭಾಷೆಗೂ ಹಾಗೆಯೇ ಕಾಲ ಬೇಕು, ಅವಸರಪಡಬೇಡಿರಿ. ಈ ತಿಂಗಳಲ್ಲಿ ಇಷ್ಟು ಮಾಡಿರಿ: ಸಾಯಂಕಾಲದಲ್ಲಿ ಮನೆಯವರು ಇಬ್ಬಿಬ್ಬರಾಗಿ ಕುಳಿತು, ಒಬ್ಬರು ದಾರಿ ಕೇಳುವವರಾಗಿಯೂ ಒಬ್ಬರು ಹೇಳುವವರಾಗಿಯೂ ಆ ಐದು ಮಾತುಗಳನ್ನು ಅಭ್ಯಾಸಮಾಡಿರಿ. ಶಾಲೆಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಅಜ್ಜ ಅಜ್ಜಿಯರು ಅವರಿಂದ ಉಚ್ಚಾರಣೆಯನ್ನು ತಿದ್ದಿಸಿಕೊಳ್ಳಲಿ. ಇದರಲ್ಲಿ ಹಿರಿಯರ ಮರ್ಯಾದೆಗೆ ಯಾವ ಕುಂದೂ ಇಲ್ಲ.

ಮೇಲೆ ಹೇಳಿದ ಹಿರಿಯರು ಮರುದಿನ ಬೆಳಿಗ್ಗೆ ಅದೇ ಬಾಗಿಲಿಗೆ ಹೋಗಿ, ಅದೇ ಕಾವಲುಗಾರನ ಮುಂದೆ ನಿಂತು, “ಲಿಫ್ಟ್?” ಎಂದು ಒಂದೇ ಮಾತಿನಿಂದ ಕೇಳಿದರು. ಅವನು ತಾನೇ ಅವರನ್ನು ಕರೆದುಕೊಂಡು ಹೋಗಿ ಲಿಫ್ಟಿನಲ್ಲಿ ಹತ್ತಿಸಿದನು. ಮೊಮ್ಮಗಳು ಈಗ ಕನ್ನಡಕ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಳೆ. ಅಜ್ಜನಿಗೆ ಸಾಯಂಕಾಲದ ಪಾಠವನ್ನು ಹೇಳಿಕೊಡುವವಳೂ ಅವಳೇ.